ಉಗ್ರಾಣದ ಧಾನ್ಯಕ್ಕೆ ವಿಷರಹಿತ ರಕ್ಷಣೆ: ಸಸ್ಯಮೂಲ ನ್ಯಾನೋಕಣಗಳ ಭರವಸೆ ಮತ್ತು ಮಿತಿ

ಬೆಳೆದ ಧಾನ್ಯವೆಲ್ಲವೂ ಉಣ್ಣುವವರ ತಟ್ಟೆಯನ್ನು ಸೇರುವುದಿಲ್ಲ. ಹೊಲದಲ್ಲಿ ಹಕ್ಕಿ, ಮಳೆ, ಕಣದಲ್ಲಿ ಸೋರಿಕೆ, ಉಗ್ರಾಣದಲ್ಲಿ ಇಲಿ, ನುಸಿ, ಬೂಷ್ಟು. ಹೀಗೆ ಪ್ರತಿಯೊಂದು ಹಂತದಲ್ಲಿಯೂ ಒಂದೊಂದು ಪಾಲು ಕೈತಪ್ಪಿ ಹೋಗುತ್ತದೆ. ಲುಧಿಯಾನದಲ್ಲಿರುವ ಕೇಂದ್ರೀಯ ಕೊಯ್ಲೋತ್ತರ ತಂತ್ರಜ್ಞಾನ ಸಂಸ್ಥೆಯು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೊಯ್ಲು ಮತ್ತು ಕೊಯ್ಲೋತ್ತರ ಹಂತಗಳಲ್ಲಿ ನಮ್ಮ ದೇಶದ ಏಕದಳ ಧಾನ್ಯಗಳಲ್ಲಿ ಶೇಕಡಾ 4.65ರಿಂದ 5.99ರಷ್ಟು, ದ್ವಿದಳ ಧಾನ್ಯಗಳಲ್ಲಿ ಶೇಕಡಾ 6.36ರಿಂದ 8.41ರಷ್ಟು ನಷ್ಟವಾಗುತ್ತದೆ. ಈ ನಷ್ಟದಲ್ಲಿ ಸಂಗ್ರಹದ ಕೀಟಗಳ ಪಾಲು ಗಣನೀಯವಾದುದು.

ನಷ್ಟವನ್ನು ತಡೆಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ತಡೆಯುವ ಮಾರ್ಗವೇ ಉಣ್ಣುವವನಿಗೆ ಮುಳುವಾಗಬಾರದು. ಹೊಲದ ಬೆಳೆಗೆ ಹೊಡೆದ ಔಷಧಿಯು ಬಿಸಿಲು, ಮಳೆ, ಕಾಲಗಳಿಂದ ಒಂದಿಷ್ಟಾದರೂ ಕಳೆದುಹೋಗುತ್ತದೆ. ಚೀಲದೊಳಗಿನ ಕಾಳಿಗೆ ಬೆರೆಸಿದ್ದು ಹಾಗಲ್ಲ. ಅದು ನೇರವಾಗಿ ಅಡುಗೆಮನೆಗೆ ಬರುತ್ತದೆ. ಆದುದರಿಂದಲೇ ಸಂಗ್ರಹಿತ ಧಾನ್ಯದ ಸಂರಕ್ಷಣೆಯು ಕೃಷಿಯ ವಿಷಯವಾಗಿರುವಷ್ಟೇ ಆರೋಗ್ಯದ ವಿಷಯವೂ ಆಗಿದೆ. ಈಚಿನ ಎರಡು ದಶಕಗಳಲ್ಲಿ ವಿಜ್ಞಾನಿಗಳು ಸಸ್ಯಗಳ ನೆರವಿನಿಂದ ತಯಾರಿಸಿದ ಅತಿಸೂಕ್ಷ್ಮ ಕಣಗಳನ್ನು ರಾಸಾಯನಿಕ ಕೀಟನಾಶಕಗಳಿಗೆ ಪರ್ಯಾಯವಾಗಿ ಪರೀಕ್ಷಿಸುತ್ತಿದ್ದಾರೆ. ಅವು ಯಾವುವು, ಹೇಗೆ ಕೆಲಸ ಮಾಡುತ್ತವೆ, ಅವನ್ನು ಎಷ್ಟರಮಟ್ಟಿಗೆ ನಂಬಬಹುದು, ಅವು ಬಳಕೆಗೆ ಬರುವವರೆಗೆ ನಾವು ಏನು ಮಾಡಬೇಕು ಎಂಬುದನ್ನು ಇಲ್ಲಿ ವಿಚಾರಿಸೋಣ.

ಕಾಳಿನೊಳಗಿನ ಬದುಕು

ಸಂಗ್ರಹದ ಕೀಟಗಳನ್ನು ನಾವು ಒಟ್ಟಾಗಿ ‘ನುಸಿ’, ‘ಹುಳು’ ಎಂದು ಕರೆಯುತ್ತೇವಾದರೂ ಅವುಗಳಲ್ಲಿ ಹಲವು ಬಗೆಗಳಿವೆ. ಅಕ್ಕಿ, ಜೋಳ, ಗೋಧಿಗಳಲ್ಲಿ ಕಾಣುವ, ಸೊಂಡಿಲಿನಂತಹ ಮೂತಿಯುಳ್ಳ ಕಂದುಗಪ್ಪು ನುಸಿ ಒಂದು ಬಗೆ. ಭತ್ತ, ಗೋಧಿಗಳನ್ನು ಕೊರೆದು ಹಿಟ್ಟು ಮಾಡುವ ಉರುಳೆಯಾಕಾರದ ಕೊರಕ ಹುಳು ಇನ್ನೊಂದು. ಹಿಟ್ಟು, ರವೆಗಳಲ್ಲಿ ಹರಿದಾಡುವ ಕೆಂಪು ಹುಳು ಮೂರನೆಯದು. ತೊಗರಿ, ಹೆಸರು, ಅಲಸಂದೆ, ಕಡಲೆಗಳ ಮೈಮೇಲೆ ಬಿಳಿಯ ಚುಕ್ಕೆಗಳಂತೆ ಮೊಟ್ಟೆ ಅಂಟಿಸುವ ಕಾಳಿನ ದುಂಬಿ ನಾಲ್ಕನೆಯದು. ಇವುಗಳೊಡನೆ ಭತ್ತ ಮತ್ತು ಜೋಳಕ್ಕೆ ಬೀಳುವ ಸಣ್ಣ ಪತಂಗಗಳೂ ಇವೆ.

ಇವುಗಳಲ್ಲಿ ಸೊಂಡಿಲಿನ ನುಸಿಯ ಜೀವನಕ್ರಮವನ್ನು ತಿಳಿದರೆ ಸಮಸ್ಯೆಯ ಆಳ ಅರಿವಾಗುತ್ತದೆ. ಹೆಣ್ಣು ನುಸಿಯು ತನ್ನ ಮೂತಿಯಿಂದ ಕಾಳಿನಲ್ಲಿ ಸಣ್ಣ ರಂಧ್ರವನ್ನು ಕೊರೆದು, ಅದರೊಳಗೆ ಒಂದು ಮೊಟ್ಟೆಯನ್ನಿಟ್ಟು, ಅಂಟಿನಂತಹ ದ್ರವದಿಂದ ಬಾಯಿಯನ್ನು ಮುಚ್ಚಿಬಿಡುತ್ತದೆ. ಹೊರಗಿನಿಂದ ನೋಡಿದರೆ ಕಾಳು ನಿರ್ದೋಷವಾಗಿಯೇ ಕಾಣುತ್ತದೆ. ಮೊಟ್ಟೆಯೊಡೆದ ಮರಿ ಕಾಳಿನ ತಿರುಳನ್ನು ತಿನ್ನುತ್ತ ಅಲ್ಲಿಯೇ ಬೆಳೆದು, ಕೋಶವಾಗಿ, ಬೆಚ್ಚನೆಯ ಹವೆಯಲ್ಲಿ ಸುಮಾರು ಒಂದು ತಿಂಗಳ ನಂತರ ರೆಕ್ಕೆಯ ಹುಳುವಾಗಿ ಹೊರಬರುತ್ತದೆ. ನಮ್ಮ ಕಣ್ಣಿಗೆ ಹತ್ತು ಹುಳು ಕಂಡಾಗ ಕಾಳುಗಳೊಳಗೆ ಅದಕ್ಕಿಂತ ಎಷ್ಟೋ ಹೆಚ್ಚು ಹುಳುಗಳು ಬೆಳೆಯುತ್ತಿರುತ್ತವೆ. ಮೇಲೆ ಚಿಮುಕಿಸಿದ ಯಾವ ಪುಡಿಯೂ ಒಳಗಿರುವ ಮರಿಯನ್ನು ತಲುಪುವುದಿಲ್ಲ. ಅನಿಲರೂಪದ ವಿಷಗಳಿಗೆ ಉಗ್ರಾಣಗಳಲ್ಲಿ ಅಗ್ರಸ್ಥಾನ ದೊರೆತದ್ದು ಈ ಕಾರಣದಿಂದಲೇ.

ಹುಳು ಹಿಡಿದ ಧಾನ್ಯವು ತೂಕದಲ್ಲಿ ಮಾತ್ರ ಕಡಿಮೆಯಾಗುವುದಿಲ್ಲ. ಅದರಲ್ಲಿ ಕೀಟಗಳ ಹಿಕ್ಕೆ, ಕಳಚಿದ ಪೊರೆ, ಸತ್ತ ದೇಹಗಳು ಸೇರಿಕೊಳ್ಳುತ್ತವೆ. ಹಿಟ್ಟಿನ ಕೆಂಪು ಹುಳು ಕ್ವಿನೋನ್ ಎಂಬ ವರ್ಗದ ರಾಸಾಯನಿಕಗಳನ್ನು ಸ್ರವಿಸುವುದರಿಂದ ಹಿಟ್ಟಿಗೆ ಕಟುವಾಸನೆ ಬಂದು ಬಣ್ಣ ಕೆಡುತ್ತದೆ. ಕೀಟಗಳ ಉಸಿರಾಟದಿಂದ ರಾಶಿಯೊಳಗೆ ಶಾಖವೂ ತೇವವೂ ಹೆಚ್ಚುತ್ತವೆ. ತೇವ ಹೆಚ್ಚಿದಲ್ಲಿ ಬೂಷ್ಟು ಬೆಳೆಯುತ್ತದೆ. ಕೆಲವು ಬೂಷ್ಟುಗಳು ಉತ್ಪಾದಿಸುವ ಅಫ್ಲಾಟಾಕ್ಸಿನ್ ಯಕೃತ್ತಿಗೆ ಘೋರವಾದ ವಿಷ. 1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನಗಳ ಗ್ರಾಮಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ಉಂಡು ನೂರಕ್ಕೂ ಹೆಚ್ಚು ಜನರು ಯಕೃತ್ತಿನ ಬೇನೆಯಿಂದ ಮರಣ ಹೊಂದಿದರು. ಆದುದರಿಂದ ‘ಹುಳು ಬಿದ್ದರೇನು, ಆರಿಸಿ ಉಂಡರಾಯಿತು’ ಎಂಬ ಉದಾಸೀನವೂ ಸರಿಯಲ್ಲ.

ರಾಸಾಯನಿಕ ಮದ್ದುಗಳ ತೊಡಕು

ದೊಡ್ಡ ಗೋದಾಮುಗಳಲ್ಲಿ ಗೋಡೆ ಮತ್ತು ಚೀಲಗಳ ಮೇಲೆ ಮೆಲಾಥಿಯಾನ್, ಡೆಲ್ಟಾಮೆಥ್ರಿನ್ ಮೊದಲಾದವುಗಳನ್ನು ಸಿಂಪಡಿಸುವುದೂ, ಧಾನ್ಯದ ರಾಶಿಯನ್ನು ಹೊದಿಕೆಯಿಂದ ಮುಚ್ಚಿ ಒಳಗೆ ವಿಷಾನಿಲವನ್ನು ಹರಿಸುವುದೂ ವಾಡಿಕೆ. ವಿಷಾನಿಲಗಳಲ್ಲಿ ಮೀಥೈಲ್ ಬ್ರೋಮೈಡ್ ಒಂದು ಕಾಲದಲ್ಲಿ ಬಹುವಾಗಿ ಬಳಕೆಯಲ್ಲಿತ್ತು. ಅದು ಭೂಮಿಯ ಓಝೋನ್ ಪದರವನ್ನು ಕೆಡಿಸುತ್ತದೆ ಎಂದು ತಿಳಿದ ಮೇಲೆ ಮಾಂಟ್ರಿಯಲ್ ಒಪ್ಪಂದದ ಮೇರೆಗೆ ಮುಂದುವರಿದ ದೇಶಗಳು 2005ರ ವೇಳೆಗೆ, ಅಭಿವೃದ್ಧಿಶೀಲ ದೇಶಗಳು 2015ರ ವೇಳೆಗೆ, ರಫ್ತು ಮತ್ತು ಸಸ್ಯ ಸಂಪರ್ಕನಿಷೇಧದಂತಹ ಕಾರ್ಯಗಳ ಹೊರತಾಗಿ, ಅದನ್ನು ಕೈಬಿಡಬೇಕಾಯಿತು. ಉಳಿದದ್ದು ಮುಖ್ಯವಾಗಿ ಫಾಸ್ಫೀನ್.

ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳು ಗಾಳಿಯ ತೇವವನ್ನು ಹೀರಿಕೊಂಡು ಫಾಸ್ಫೀನ್ ಅನಿಲವನ್ನು ಬಿಡುಗಡೆ ಮಾಡುತ್ತವೆ. 3 ಗ್ರಾಂ ತೂಕದ ಒಂದು ಮಾತ್ರೆಯಿಂದ 1 ಗ್ರಾಂ ಅನಿಲ ಹೊರಬರುತ್ತದೆ. ಈ ಅನಿಲವು ಜೀವಕೋಶಗಳು ಆಮ್ಲಜನಕವನ್ನು ಬಳಸಿ ಶಕ್ತಿಯನ್ನು ಉತ್ಪಾದಿಸುವ ಕ್ರಿಯೆಗೇ ಅಡ್ಡಿಯಾಗುತ್ತದೆ. ಈ ಕ್ರಿಯೆಯು ನುಸಿಯಲ್ಲಿಯೂ ಮನುಷ್ಯನಲ್ಲಿಯೂ ಒಂದೇ ತೆರನಾದುದು. ಹೃದಯ ಮತ್ತು ಶ್ವಾಸಕೋಶಗಳು ಮೊದಲು ಬಳಲುತ್ತವೆ. ಫಾಸ್ಫೀನ್ ವಿಷಕ್ಕೆ ಪ್ರತಿವಿಷವೆಂಬುದು ಇಲ್ಲ. ವೈದ್ಯರು ದೇಹಕ್ಕೆ ಆಧಾರ ನೀಡುವ ಚಿಕಿತ್ಸೆಯನ್ನಷ್ಟೇ ಕೊಡಬಲ್ಲರು.

ಈ ಕಾರಣದಿಂದ ನಮ್ಮ ದೇಶದಲ್ಲಿ ಅಲ್ಯೂಮಿನಿಯಂ ಫಾಸ್ಫೈಡ್ ನಿರ್ಬಂಧಿತ ಬಳಕೆಯ ಕೀಟನಾಶಕಗಳ ಪಟ್ಟಿಯಲ್ಲಿದೆ. ಸರಕಾರಿ ಸಂಸ್ಥೆಗಳು ಮತ್ತು ಪರವಾನಿಗೆ ಪಡೆದ ಕೀಟನಿಯಂತ್ರಕರು ತಜ್ಞರ ಮೇಲ್ವಿಚಾರಣೆಯಲ್ಲಿ ಮಾತ್ರ ಅದನ್ನು ಬಳಸಬೇಕೆಂಬುದು ನಿಯಮ. 3 ಗ್ರಾಂನ 10 ಮತ್ತು 20 ಮಾತ್ರೆಗಳ ಕೊಳವೆಗಳ ಮಾರಾಟವನ್ನು 2001ರಲ್ಲಿಯೇ ಪೂರ್ಣವಾಗಿ ನಿಷೇಧಿಸಲಾಗಿದೆ. ಆದರೂ ಹಳ್ಳಿಗಳಲ್ಲಿ ‘ಧಾನ್ಯದ ಮಾತ್ರೆ’, ‘ಗ್ಯಾಸ್ ಗುಳಿಗೆ’ ಎಂಬ ಹೆಸರಿನಲ್ಲಿ ಬಿಡಿಯಾಗಿ ದೊರೆಯುವ ಈ ವಸ್ತುವನ್ನು ಅರಿವೆಯಲ್ಲಿ ಕಟ್ಟಿ ಜೋಳದ ಚೀಲದೊಳಗೆ ಇಟ್ಟು, ಅದೇ ಕೋಣೆಯಲ್ಲಿ ಮಕ್ಕಳೊಡನೆ ಮಲಗುವವರಿದ್ದಾರೆ. ಫಾಸ್ಫೀನ್ ಗಾಳಿಗಿಂತ ತುಸು ಭಾರವಾದ ಅನಿಲ. ಕದ ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದು ಹರಡಿದರೆ ನೆಲದ ಮೇಲೆ ಮಲಗಿದವರಿಗೆ ಅಪಾಯ ಅಧಿಕ. ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನಂತಹ ವಾಸನೆ ಬರಬಹುದು. ಆದರೆ ವಾಸನೆ ಬಾರದಿದ್ದ ಮಾತ್ರಕ್ಕೆ ಅನಿಲವಿಲ್ಲವೆಂದು ತಿಳಿಯಲಾಗದು.

ಇನ್ನೊಂದು ತೊಡಕೆಂದರೆ ಕೀಟಗಳು ಈ ವಿಷಕ್ಕೆ ಒಗ್ಗಿಕೊಳ್ಳುತ್ತಿರುವುದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯು 1972–73ರಲ್ಲಿ ನಡೆಸಿದ ಜಾಗತಿಕ ಸಮೀಕ್ಷೆಯಲ್ಲಿಯೇ ಫಾಸ್ಫೀನಿಗೆ ಸಾಯದ ಕೀಟಗಳು ಕಂಡುಬಂದಿದ್ದವು. ಅರೆಬರೆ ಮುಚ್ಚಿದ ಚೀಲದಲ್ಲಿ, ಅರೆಬರೆ ಪ್ರಮಾಣದಲ್ಲಿ ವಿಷ ಹಾಕಿದಾಗ ದುರ್ಬಲ ಕೀಟಗಳು ಸತ್ತು, ಬಲಿಷ್ಠವಾದವು ಬದುಕಿ ಸಂತಾನ ಬೆಳೆಸುತ್ತವೆ. ಮನೆಬಳಕೆಯ ಮಾತ್ರೆಯಿಂದ ಮನುಷ್ಯನಿಗೆ ಅಪಾಯ, ಕೀಟಕ್ಕೆ ಅಭ್ಯಾಸ. ಲಾಭ ಮಾತ್ರ ಅಲ್ಪ.

ಅಕ್ಕಿ, ಬೇಳೆಗಳಿಗೆ ಬೋರಿಕ್ ಪುಡಿಯನ್ನು ಬೆರೆಸುವ ರೂಢಿಯೂ ಅನೇಕ ಮನೆಗಳಲ್ಲಿದೆ. ತೊಳೆದರೆ ಹೋಗುತ್ತದೆ ಎಂಬ ನಂಬಿಕೆಯಿಂದ ಇದನ್ನು ಮಾಡುತ್ತಾರೆ. ಬೋರಿಕ್ ಆಮ್ಲವು ಆಹಾರಕ್ಕೆ ಸೇರಿಸಬಹುದಾದ ವಸ್ತುವಲ್ಲ; ದೀರ್ಘಕಾಲ ದೇಹವನ್ನು ಸೇರಿದರೆ ಸಂತಾನಶಕ್ತಿಗೂ ಗರ್ಭದ ಶಿಶುವಿಗೂ ಹಾನಿಕರವೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಧಾನ್ಯದ ನಡುವೆ ಪಾದರಸದ ಗುಳಿಗೆಗಳನ್ನಿಡುವುದೂ ಇಂತಹುದೇ ಅಪಾಯಕರ ರೂಢಿ.

ಹಿರಿಯರ ವಿಧಾನಗಳಲ್ಲಿ ಅಡಗಿದ ತತ್ತ್ವ

ನ್ಯಾನೋಕಣಗಳ ವಿಚಾರಕ್ಕೆ ಹೋಗುವ ಮುನ್ನ ನಮ್ಮ ಹಿರಿಯರ ವಿಧಾನಗಳನ್ನು ಒಮ್ಮೆ ಗಮನಿಸುವುದು ಉಚಿತ. ಏಕೆಂದರೆ ಹೊಸ ಸಂಶೋಧನೆಯ ಬೇರು ಅಲ್ಲಿಯೇ ಇದೆ.

ಬೂದಿ ಬೆರೆಸಿ ಕಾಳನ್ನು ಕಾಯ್ದಿಡುವುದು, ತೊಗರಿಗೆ ಕೆಮ್ಮಣ್ಣು ಹಚ್ಚಿ ಒಣಗಿಸುವುದು ಹಳೆಯ ಪದ್ಧತಿ. ಕೀಟಗಳ ಮೈಮೇಲೆ ಮೇಣದಂತಹ ತೆಳುವಾದ ಪದರವಿರುತ್ತದೆ. ದೇಹದ ನೀರು ಆರಿಹೋಗದಂತೆ ಅದು ತಡೆಯುತ್ತದೆ. ಬೂದಿ ಅಥವಾ ಮಣ್ಣಿನ ನುಣುಪಾದ ಕಣಗಳು ಆ ಪದರವನ್ನು ಹೀರಿ, ಗೀರಿ ಕೆಡಿಸುತ್ತವೆ. ಕೀಟವು ಮೈಯ ನೀರು ಬತ್ತಿ ಸಾಯುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1950ರ ದಶಕದ ಕೊನೆಯಲ್ಲಿಯೇ ಸಂಸ್ಕರಿಸಿದ ಜೇಡಿಮಣ್ಣು ಮತ್ತು ಇದ್ದಿಲಿನ ಪುಡಿಗಳಿಗೆ ಇಂತಹ ಕೀಟನಾಶಕ ಗುಣವಿದೆಯೆಂದು ಪ್ರಯೋಗದಿಂದ ತೋರಿಸಿದ್ದರು.

ಕಾಳುಗಳಿಗೆ ಎಣ್ಣೆ ಸವರುವುದು ಇನ್ನೊಂದು ಪದ್ಧತಿ. ಎಣ್ಣೆಯ ತೆಳು ಲೇಪವು ದುಂಬಿಯ ಮೊಟ್ಟೆಗಳಿಗೆ ಗಾಳಿ ಸಿಗದಂತೆ ಮಾಡುತ್ತದೆ. ಬೇವು, ಲಕ್ಕಿ, ಬಜೆಗಳಂತಹ ಕಟುವಾಸನೆಯ ಸಸ್ಯಗಳು ಕೀಟಗಳನ್ನು ದೂರವಿಡುತ್ತವೆ, ಅವುಗಳ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತವೆ. ಬೇವಿನ ಬೀಜದಲ್ಲಿರುವ ಅಜಾಡಿರಾಕ್ಟಿನ್ ಎಂಬ ಅಂಶವು ಮರಿಹುಳುವು ಪೊರೆ ಕಳಚಿ ಬೆಳೆಯುವುದನ್ನು ತಡೆಯುತ್ತದೆ. ಉತ್ತರ ಕರ್ನಾಟಕದ ಹಗೇವುಗಳಲ್ಲಿ ಜೋಳವನ್ನು ತುಂಬಿ ಬಾಯಿ ಮುಚ್ಚಿದಾಗ ಧಾನ್ಯ ಮತ್ತು ಕೀಟಗಳ ಉಸಿರಾಟದಿಂದಲೇ ಆಮ್ಲಜನಕ ತೀರಿ, ಇಂಗಾಲದ ಡೈಆಕ್ಸೈಡ್ ತುಂಬಿ, ಕೀಟಗಳು ಅಳಿಯುತ್ತಿದ್ದವು.

ಹಾಗಾದರೆ ಈ ವಿಧಾನಗಳು ಹಿಂದೆ ಸರಿದದ್ದೇಕೆ? ಬೂದಿಯನ್ನು ಬಹಳ ಪ್ರಮಾಣದಲ್ಲಿ ಬೆರೆಸಬೇಕು. ಮಾರುವಾಗ ಅದನ್ನು ತೂರಿ ತೆಗೆಯಬೇಕು. ಸಸ್ಯಗಳ ಸುಗಂಧತೈಲಗಳು ಕೆಲವೇ ದಿನಗಳಲ್ಲಿ ಆವಿಯಾಗಿ ಹೋಗುತ್ತವೆ. ಬೆಳಕು, ಗಾಳಿಗಳಿಂದ ಬೇವಿನ ಸಾರ ಬೇಗ ಶಕ್ತಿಗುಂದುತ್ತದೆ. ಅಂದರೆ ತತ್ತ್ವವು ಸರಿಯಾಗಿತ್ತು. ಕೊರತೆಯಿದ್ದದ್ದು ಪ್ರಮಾಣ ಮತ್ತು ಬಾಳಿಕೆಗಳಲ್ಲಿ. ಈ ಎರಡು ಕೊರತೆಗಳನ್ನು ನೀಗಿಸುವ ಯತ್ನವೇ ಸಸ್ಯಮೂಲ ನ್ಯಾನೋಕಣಗಳ ಸಂಶೋಧನೆ.

ನ್ಯಾನೋಕಣ ಎಂದರೇನು?

ಒಂದು ಮೀಟರಿನ ನೂರು ಕೋಟಿಯ ಒಂದು ಭಾಗಕ್ಕೆ ನ್ಯಾನೋಮೀಟರ್ ಎಂದು ಹೆಸರು. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್. ಸಾಮಾನ್ಯವಾಗಿ 1ರಿಂದ 100 ನ್ಯಾನೋಮೀಟರ್ ಅಳತೆಯೊಳಗಿನ ಕಣಗಳನ್ನು ನ್ಯಾನೋಕಣಗಳೆನ್ನುತ್ತಾರೆ. ಒಂದು ಬೆಲ್ಲದ ಅಚ್ಚನ್ನು ಪುಡಿ ಮಾಡಿದರೆ ಅದು ನೀರಿನಲ್ಲಿ ಬೇಗ ಕರಗುತ್ತದೆಯಲ್ಲವೆ? ತೂಕ ಅಷ್ಟೇ ಇದ್ದರೂ ನೀರಿಗೆ ತಾಗುವ ಮೇಲ್ಮೈ ಹೆಚ್ಚುವುದೇ ಅದಕ್ಕೆ ಕಾರಣ. ನ್ಯಾನೋ ಗಾತ್ರಕ್ಕೆ ಇಳಿದಾಗ ಈ ಮೇಲ್ಮೈಯು ಅಪಾರವಾಗಿ ಹೆಚ್ಚುವುದರಿಂದ ಅತ್ಯಲ್ಪ ವಸ್ತುವೂ ಹೆಚ್ಚು ಪರಿಣಾಮವನ್ನುಂಟುಮಾಡಬಲ್ಲುದು.

ಧಾನ್ಯ ಸಂರಕ್ಷಣೆಗಾಗಿ ಪರೀಕ್ಷೆಯಲ್ಲಿರುವ ಸಸ್ಯಮೂಲ ಕಣಗಳನ್ನು ಮುಖ್ಯವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು, ಸಸ್ಯರಸದಿಂದ ರೂಪುಗೊಂಡ ಲೋಹದ ಕಣಗಳು. ಎಲೆಗಳನ್ನು ನೀರಿನಲ್ಲಿ ಕುದಿಸಿ ಸೋಸಿದ ಕಷಾಯವನ್ನು ಸಿಲ್ವರ್ ನೈಟ್ರೇಟ್ ಎಂಬ ಬೆಳ್ಳಿಯ ಲವಣದ ತೆಳು ದ್ರಾವಣಕ್ಕೆ ಬೆರೆಸಿದಾಗ, ಕಷಾಯದಲ್ಲಿರುವ ಪಾಲಿಫೀನಾಲ್, ಸಕ್ಕರೆ ಮುಂತಾದ ಅಂಶಗಳು ಬೆಳ್ಳಿಯ ಅಯಾನುಗಳನ್ನು ಬೆಳ್ಳಿಯ ಕಣಗಳನ್ನಾಗಿ ಮಾರ್ಪಡಿಸುತ್ತವೆ. ಸಸ್ಯದ ಪ್ರೋಟೀನು ಮೊದಲಾದವು ಆ ಕಣಗಳನ್ನು ಸುತ್ತುವರಿದು, ಅವು ಒಂದಕ್ಕೊಂದು ಅಂಟಿ ಗಡ್ಡೆಯಾಗದಂತೆ ಕಾಯುತ್ತವೆ. ತಿಳಿಹಳದಿಯಾಗಿದ್ದ ದ್ರಾವಣ ಕಂದುಬಣ್ಣಕ್ಕೆ ತಿರುಗುವುದೇ ಕಣಗಳು ಮೂಡಿದ ಗುರುತು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ವಿಜ್ಞಾನಿಗಳು 2004ರಲ್ಲಿ ಬೇವಿನೆಲೆಯ ಕಷಾಯದಿಂದ ಬೆಳ್ಳಿ ಮತ್ತು ಚಿನ್ನದ ನ್ಯಾನೋಕಣಗಳನ್ನು ತಯಾರಿಸಿ ತೋರಿಸಿದರು. 2012ರಲ್ಲಿ ತಮಿಳುನಾಡಿನ ಸಂಶೋಧಕರು ನೆಲಕ್ಕೆ ಹರಡಿ ಬೆಳೆಯುವ, ಹಾಲು ಸುರಿಸುವ ಒಂದು ಕಳೆಗಿಡದ ರಸದಿಂದ ಬೆಳ್ಳಿಯ ಕಣಗಳನ್ನು ತಯಾರಿಸಿ ಅಕ್ಕಿಯ ನುಸಿಯ ಮೇಲೆ ಪರೀಕ್ಷಿಸಿದರು. ಬರಿಯ ಸಸ್ಯರಸಕ್ಕಿಂತಲೂ, ಬರಿಯ ಬೆಳ್ಳಿಯ ಲವಣಕ್ಕಿಂತಲೂ ಹಲವು ಪಟ್ಟು ಕಡಿಮೆ ಪ್ರಮಾಣದ ನ್ಯಾನೋಕಣವೇ ಅಷ್ಟೇ ಕೀಟಗಳನ್ನು ಕೊಲ್ಲಲು ಸಾಕಾಯಿತು.

ಎರಡನೆಯದು, ಸಿಲಿಕಾ ಕಣಗಳು. ಭತ್ತದ ಹೊಟ್ಟನ್ನು ಸುಟ್ಟ ಬೂದಿಯ ಬಹುಭಾಗ ಸಿಲಿಕಾ. ಅದನ್ನು ಶುದ್ಧೀಕರಿಸಿ ನ್ಯಾನೋ ಗಾತ್ರಕ್ಕೆ ತರಬಹುದಾಗಿದೆ. ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಯ ಸಂಶೋಧಕರು 2011ರಲ್ಲಿ ಸ್ಫಟಿಕರೂಪದಲ್ಲಿಲ್ಲದ ಸಿಲಿಕಾ ನ್ಯಾನೋಕಣಗಳನ್ನು ಅಕ್ಕಿಯ ನುಸಿಯ ಮೇಲೆ ಪರೀಕ್ಷಿಸಿದಾಗ ಶೇಕಡಾ 90ಕ್ಕಿಂತ ಹೆಚ್ಚು ಕೀಟಗಳು ಸತ್ತವು. ಅವರು ಬಳಸಿದ ಸಿಲಿಕಾ ಹೊಟ್ಟಿನಿಂದ ಬಂದದ್ದೇ ಆಗಬೇಕೆಂದಿಲ್ಲ. ಕಣದ ಗುಣ ಮುಖ್ಯ. ಇಲ್ಲಿ ಕೆಲಸ ಮಾಡುವುದು ನಮ್ಮ ಬೂದಿಯ ತತ್ತ್ವವೇ: ಕಣವು ಕೀಟದ ಮೈಮೇಣವನ್ನು ಹೀರುತ್ತದೆ, ಕೀಟ ಒಣಗಿ ಸಾಯುತ್ತದೆ. ಇದು ರಾಸಾಯನಿಕ ವಿಷದ ಕ್ರಿಯೆಯಲ್ಲ, ಭೌತಿಕ ಕ್ರಿಯೆ. ಆದುದರಿಂದ ಕೀಟಗಳು ಇದಕ್ಕೆ ಒಗ್ಗಿಕೊಳ್ಳುವುದು ಅಷ್ಟು ಸುಲಭವಲ್ಲ.

ಮೂರನೆಯದು, ಸುಗಂಧತೈಲವನ್ನು ಒಳಗಿಟ್ಟುಕೊಂಡ ಕಣಗಳು. ಬೇಗ ಆವಿಯಾಗುವ ತೈಲವನ್ನು ನ್ಯಾನೋ ಗಾತ್ರದ ಹೊದಿಕೆಯೊಳಗೆ ಬಂಧಿಸಿಟ್ಟರೆ ಅದು ಸ್ವಲ್ಪಸ್ವಲ್ಪವಾಗಿ ಹೊರಬರುತ್ತದೆ. ಚೀನಾ ದೇಶದ ಸಂಶೋಧಕರು 2009ರಲ್ಲಿ ಬೆಳ್ಳುಳ್ಳಿಯ ತೈಲವನ್ನು 240 ನ್ಯಾನೋಮೀಟರಿಗಿಂತ ಚಿಕ್ಕದಾದ ಇಂತಹ ಕಣಗಳಲ್ಲಿ ತುಂಬಿ ಹಿಟ್ಟಿನ ಕೆಂಪು ಹುಳುವಿನ ಮೇಲೆ ಪ್ರಯೋಗಿಸಿದರು. ಐದು ತಿಂಗಳ ನಂತರ ಬರಿಯ ತೈಲದ ಪರಿಣಾಮ ಶೇಕಡಾ 11ಕ್ಕೆ ಕುಸಿದಿದ್ದರೆ, ಕಣಗಳೊಳಗಿನ ತೈಲದ ಪರಿಣಾಮ ಶೇಕಡಾ 80ರಷ್ಟು ಉಳಿದಿತ್ತು. ಬೇಗ ಆರಿಹೋಗುತ್ತದೆಂಬ ಸಸ್ಯತೈಲಗಳ ದೊಡ್ಡ ಕೊರತೆಗೆ ಇದು ಉತ್ತರವಾಗಬಲ್ಲುದು.

ಸಸ್ಯಮೂಲವೆಂದ ಮಾತ್ರಕ್ಕೆ ನಿರಪಾಯವೆ?

ಇಲ್ಲಿಯವರೆಗಿನ ವಿವರಣೆಯು ಭರವಸೆಯನ್ನು ಮೂಡಿಸುತ್ತದೆ. ಆದರೆ ವಿವೇಕಿಯಾದವನು ಇಲ್ಲಿ ತುಸು ನಿಂತು ವಿಚಾರಿಸಬೇಕು. ‘ಹಸಿರು’, ‘ಸಸ್ಯಮೂಲ’ ಎಂಬ ಮಾತುಗಳು ಮನಸ್ಸಿಗೆ ಹಿತವಾಗಿರುತ್ತವೆ. ಹೊಟ್ಟೆಗೆ ಹಿತವೇ ಎಂಬುದು ಬೇರೆಯೇ ಪ್ರಶ್ನೆ.

ಬೆಳ್ಳಿಯ ಕಣವನ್ನು ಬೇವಿನೆಲೆಯಿಂದ ತಯಾರಿಸಿದರೂ ಕೊನೆಗೆ ಧಾನ್ಯದ ಮೇಲೆ ಉಳಿಯುವುದು ಬೆಳ್ಳಿಯೇ. ಸಸ್ಯವು ತಯಾರಿಕೆಯನ್ನು ಸೌಮ್ಯಗೊಳಿಸಿತೇ ಹೊರತು ವಸ್ತುವನ್ನು ಬದಲಿಸಲಿಲ್ಲ. ಸುಗಂಧತೈಲವು ಆರಿಹೋಗುತ್ತದೆ, ಬೇವಿನ ಸಾರ ಕಾಲಕ್ರಮದಲ್ಲಿ ಒಡೆದುಹೋಗುತ್ತದೆ. ಲೋಹ ಹಾಗೆ ನಾಶವಾಗುವುದಿಲ್ಲ. ಬೆಳ್ಳಿಯು ದೀರ್ಘಕಾಲ ದೇಹವನ್ನು ಸೇರಿದರೆ ಚರ್ಮವು ನೀಲಿಬೂದು ಬಣ್ಣಕ್ಕೆ ತಿರುಗುವ ವಿಕಾರವುಂಟಾಗುತ್ತದೆಂದು ವೈದ್ಯಶಾಸ್ತ್ರಕ್ಕೆ ಹಿಂದಿನಿಂದಲೂ ತಿಳಿದಿದೆ. ಧಾನ್ಯ ತೊಳೆದ ನೀರಿನೊಡನೆ ಕೆರೆಕುಂಟೆಗಳನ್ನು ಸೇರಿದರೆ ಜಲಚರಗಳಿಗೆ ಅದು ವಿಷ. ಬಿತ್ತನೆಯ ಬೀಜಕ್ಕೆ ಒಂದು ನ್ಯಾಯವಾದರೆ, ಉಣ್ಣುವ ಅಕ್ಕಿಗೆ ಇನ್ನೊಂದು ನ್ಯಾಯ.

ಸಿಲಿಕಾ ಹೆಚ್ಚು ಸೌಮ್ಯವಾದುದು. ಸ್ಫಟಿಕರೂಪದಲ್ಲಿಲ್ಲದ ಸಿಲಿಕಾವನ್ನು ಪುಡಿರೂಪದ ಆಹಾರಗಳು ಗಂಟುಕಟ್ಟದಂತೆ ಬಳಸಲು ಅನುಮತಿಯಿದೆ. ಆದರೆ ಸ್ಫಟಿಕರೂಪದ ಸಿಲಿಕಾ ಧೂಳು ಕಲ್ಲುಗಣಿಯ ಕಾರ್ಮಿಕರ ಶ್ವಾಸಕೋಶಗಳನ್ನು ಕೆಡಿಸುವ ಸಿಲಿಕೋಸಿಸ್ ರೋಗಕ್ಕೆ ಕಾರಣ. ಹೊಟ್ಟನ್ನು ಅತಿಯಾದ ಶಾಖದಲ್ಲಿ ಸುಟ್ಟರೆ ಅದರ ಸಿಲಿಕಾವೂ ಸ್ಫಟಿಕರೂಪವನ್ನು ತಾಳುತ್ತದೆ. ಯಾವ ರೂಪದ್ದೇ ಆಗಲಿ, ನುಣುಪಾದ ಧೂಳನ್ನು ದಿನವೂ ಧಾನ್ಯಕ್ಕೆ ಬೆರೆಸುವ ಕಾರ್ಮಿಕನ ಉಸಿರಿನ ಚಿಂತೆಯನ್ನು ಮರೆಯುವಂತಿಲ್ಲ.

ಸಸ್ಯತೈಲಗಳೆಲ್ಲವೂ ಸುರಕ್ಷಿತವೆಂದೂ ಹೇಳಲಾಗದು. ಬಜೆಯ ತೈಲ ಸಂಗ್ರಹದ ಕೀಟಗಳಿಗೆ ಪ್ರಬಲವಾದ ಮದ್ದು. ಆದರೆ ಅದರಲ್ಲಿರುವ ಬೀಟಾ ಅಸರೋನ್ ಎಂಬ ಅಂಶವು ಇಲಿಗಳಲ್ಲಿ ಅರ್ಬುದಕ್ಕೆ ಕಾರಣವಾದುದರಿಂದ ಅಮೆರಿಕವು 1968ರಲ್ಲಿಯೇ ಬಜೆಯನ್ನು ಆಹಾರದಲ್ಲಿ ಬಳಸದಂತೆ ನಿಷೇಧಿಸಿತು. ಕೀಟವನ್ನು ಕೊಲ್ಲುವ ಶಕ್ತಿಯಿರುವ ವಸ್ತು ಗಿಡದಿಂದ ಬಂದರೂ ಮೊದಲು ಪರೀಕ್ಷೆಗೆ ಒಳಗಾಗಬೇಕು.

ಗಾತ್ರದ ಪ್ರಶ್ನೆಯೂ ಇದೆ. ದೊಡ್ಡ ಕಣವಾಗಿ ನಿರಪಾಯವಾಗಿದ್ದುದು ನ್ಯಾನೋ ಗಾತ್ರದಲ್ಲಿ ಹಾಗೆಯೇ ಇರಬೇಕೆಂದಿಲ್ಲ. ಟೈಟಾನಿಯಂ ಡೈಆಕ್ಸೈಡ್ ದಶಕಗಳ ಕಾಲ ಮಿಠಾಯಿಗಳಿಗೆ ಬಿಳಿಬಣ್ಣ ಕೊಡಲು ಬಳಕೆಯಾಗುತ್ತಿತ್ತು. ಅದರಲ್ಲಿನ ಸೂಕ್ಷ್ಮ ಕಣಗಳನ್ನೂ ಪರಿಗಣಿಸಿ ಮರುಪರಿಶೀಲಿಸಿದ ಯುರೋಪಿನ ಆಹಾರ ಸುರಕ್ಷಾ ಪ್ರಾಧಿಕಾರವು, ವಂಶವಾಹಿಗಳಿಗೆ ಹಾನಿಯಾಗುವ ಸಂಭವವನ್ನು ತಳ್ಳಿಹಾಕಲಾಗದೆಂದು 2021ರಲ್ಲಿ ತಿಳಿಸಿತು. 2022ರಲ್ಲಿ ಯುರೋಪಿನ ಒಕ್ಕೂಟವು ಆಹಾರದಲ್ಲಿ ಅದರ ಬಳಕೆಯನ್ನು ನಿಲ್ಲಿಸಿತು.

ಇನ್ನು ಪ್ರಯೋಗಗಳ ಮಿತಿ. ಬಹುಪಾಲು ಅಧ್ಯಯನಗಳು ನಡೆದಿರುವುದು ಪ್ರಯೋಗಾಲಯದ ಪುಟ್ಟ ಪಾತ್ರೆಗಳಲ್ಲಿ, ಕೆಲವು ಗ್ರಾಂ ಧಾನ್ಯ ಮತ್ತು ಕೆಲವು ಹತ್ತು ಕೀಟಗಳೊಡನೆ. ಒಂದು ಕಿಲೋಗೆ 1 ಗ್ರಾಂ ಪುಡಿ ಎಂಬುದು ಅಲ್ಪವೆಂದು ತೋರುತ್ತದೆ. ಒಂದು ಕ್ವಿಂಟಲ್ ಧಾನ್ಯಕ್ಕೆ ಅದು 100 ಗ್ರಾಂ ಆಯಿತು. ಅದನ್ನು ಸಮವಾಗಿ ಬೆರೆಸುವುದು ಹೇಗೆ, ಉಣ್ಣುವ ಮುನ್ನ ತೆಗೆಯುವುದು ಹೇಗೆ, ಖರ್ಚೆಷ್ಟು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯಬೇಕು. ಮೇಲಾಗಿ, ಒಣಪುಡಿಗಳು ಕಾಳಿನೊಳಗಿರುವ ಮರಿಯನ್ನು ಮುಟ್ಟಲಾರವು. ಹೊರಬಂದ ಹುಳುವನ್ನು ಮಾತ್ರ ಕೊಲ್ಲುತ್ತವೆ.

ಕೇಂದ್ರ ಸರಕಾರದ ಜೈವಿಕ ತಂತ್ರಜ್ಞಾನ ಇಲಾಖೆಯು 2020ರಲ್ಲಿ ನ್ಯಾನೋ ಆಧಾರಿತ ಕೃಷಿ ಪರಿಕರ ಮತ್ತು ಆಹಾರ ಪದಾರ್ಥಗಳ ಮೌಲ್ಯಮಾಪನಕ್ಕಾಗಿ ಮಾರ್ಗಸೂಚಿಯನ್ನು ಹೊರಡಿಸಿದೆ. 1968ರ ಕೀಟನಾಶಕ ಕಾಯಿದೆಯ ಪ್ರಕಾರ ಯಾವುದೇ ಕೀಟನಾಶಕವು ನೋಂದಣಿಯಾಗದೆ ಮಾರಾಟಕ್ಕೆ ಬರುವಂತಿಲ್ಲ. ಆದುದರಿಂದ ಯಾರಾದರೂ ‘ನ್ಯಾನೋ ಬೇವು’, ‘ನ್ಯಾನೋ ಬೆಳ್ಳಿ’ ಎಂದು ಧಾನ್ಯಕ್ಕೆ ಬೆರೆಸುವ ಪುಡಿಯನ್ನು ತಂದುಕೊಟ್ಟರೆ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು: ಇದರಲ್ಲಿರುವ ವಸ್ತು ಯಾವುದು? ಆಹಾರಧಾನ್ಯಕ್ಕೆ ಬಳಸಲು ನೋಂದಣಿಯಾಗಿದೆಯೆ? ತೊಳೆದಾಗ ಹೋಗುತ್ತದೆಯೆ? ಎಷ್ಟು ದಿನಗಳ ನಂತರ ಉಣ್ಣಬಹುದು? ಉತ್ತರ ಸಿಗದಿದ್ದರೆ ಕೊಳ್ಳಬಾರದು. ಮನೆಯಲ್ಲಿಯೇ ಬೆಳ್ಳಿಯ ಲವಣವನ್ನು ತಂದು ಕಷಾಯದೊಡನೆ ಬೆರೆಸುವ ಸಾಹಸವನ್ನಂತೂ ಯಾರೂ ಮಾಡಬಾರದು.

ಈಗ ನಾವು ಮಾಡಬೇಕಾದುದು

ಸಂಶೋಧನೆಯು ಪಕ್ವವಾಗುವವರೆಗೆ ಕೈಕಟ್ಟಿ ಕೂಡಬೇಕಾಗಿಲ್ಲ. ಗೃಹಸ್ಥರಿಗೂ, ವರ್ಷವಿಡೀ ದಾಸೋಹಕ್ಕಾಗಿ ಧಾನ್ಯವನ್ನು ಕಾಯ್ದಿಡುವ ಉಗ್ರಾಣಗಳಿಗೂ ಅನ್ವಯಿಸುವ, ವಿಷವಿಲ್ಲದ ಕ್ರಮಗಳು ಈಗಾಗಲೇ ನಮ್ಮ ಕೈಯಲ್ಲಿವೆ.

1. ಮೊದಲು ಒಣಗಿಸುವಿಕೆ. ಏಕದಳ ಧಾನ್ಯದ ತೇವಾಂಶ ಶೇಕಡಾ 12ಕ್ಕಿಂತ, ದ್ವಿದಳ ಧಾನ್ಯದ ತೇವಾಂಶ ಶೇಕಡಾ 10ಕ್ಕಿಂತ ಕಡಿಮೆಯಿದ್ದರೆ ಬೂಷ್ಟು ಬೆಳೆಯದು. ಕೀಟಗಳ ವೃದ್ಧಿಯೂ ಮಂದವಾಗುತ್ತದೆ. ಹಲ್ಲಿನಲ್ಲಿ ಕಡಿದಾಗ ಕಾಳು ‘ಕಟ್’ ಎಂದು ಒಡೆಯಬೇಕು. ಇನ್ನೊಂದು ಪರೀಕ್ಷೆ: ಒಣಗಿದ ಗಾಜಿನ ಸೀಸೆಯಲ್ಲಿ ಸ್ವಲ್ಪ ಒಣ ಉಪ್ಪು ಮತ್ತು ಒಂದು ಹಿಡಿ ಧಾನ್ಯವನ್ನು ಹಾಕಿ ಚೆನ್ನಾಗಿ ಅಲುಗಾಡಿಸಿರಿ. ಉಪ್ಪು ಗಾಜಿಗೆ ಅಂಟಿಕೊಂಡರೆ ತೇವಾಂಶ ಶೇಕಡಾ 15ಕ್ಕಿಂತ ಹೆಚ್ಚಿದೆಯೆಂದು ತಿಳಿದು ಮತ್ತೆ ಒಣಗಿಸಬೇಕು.

2. ಬೇಸಗೆಯ ಬಿಸಿಲನ್ನು ಬಳಸಿಕೊಳ್ಳಿರಿ. ಕಪ್ಪು ತಾಡಪತ್ರಿಯ ಮೇಲೆ ತೆಳುವಾಗಿ ಹರಡಿದ ಕಾಳು 50 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾದಾಗ ಅದರೊಳಗಿನ ಮೊಟ್ಟೆ, ಮರಿಗಳೂ ಸಾಯುತ್ತವೆ. ಒಣಗಿಸಿದ ಧಾನ್ಯವನ್ನು ಬಿಸಿಯಿರುವಾಗಲೇ ತುಂಬಬಾರದು. ತಣಿದ ಮೇಲೆ ತುಂಬದಿದ್ದರೆ ಒಳಗೆ ಬೆವರಿ ತೇವವಾಗುತ್ತದೆ.

3. ಗಾಳಿಯಾಡದಂತೆ ಮುಚ್ಚಿಡಿರಿ. ಹಗೇವಿನ ತತ್ತ್ವವನ್ನೇ ಅನುಸರಿಸಿದ, ಮೂರು ಪದರಗಳ ಗಾಳಿಯಾಡದ ಚೀಲಗಳು ಇಂದು ದೊರೆಯುತ್ತವೆ. ಬಿಗಿಯಾದ ಮುಚ್ಚಳದ ಡಬ್ಬಿ, ಪೀಪಾಯಿಗಳಾದರೆ ಕಂಠದವರೆಗೆ ತುಂಬಬೇಕು. ಮೇಲಿಂದ ಮೇಲೆ ತೆಗೆಯಬಾರದು. ದಿನದ ಬಳಕೆಗೆ ಚಿಕ್ಕ ಡಬ್ಬಿಯನ್ನು ಬೇರೆ ಇಟ್ಟುಕೊಳ್ಳಬೇಕು. ಇನ್ನೂ ಹಗೇವು ಬಳಸುವವರು ಅದನ್ನು ತೆರೆದ ಕೂಡಲೇ ಒಳಗಿಳಿಯಬಾರದು. ಒಳಗಿನ ಗಾಳಿ ಕೀಟವನ್ನು ಕೊಂದಂತೆಯೇ ಮನುಷ್ಯನನ್ನೂ ಕೊಲ್ಲುತ್ತದೆ.

4. ದ್ವಿದಳ ಧಾನ್ಯಗಳಿಗೆ ಕಿಲೋಗೆ ಸುಮಾರು 5 ಮಿಲಿಲೀಟರ್ ಖಾದ್ಯತೈಲ ಅಥವಾ ಹರಳೆಣ್ಣೆಯನ್ನು ಸಮನಾಗಿ ಸವರಿರಿ. ಕಾಳಾಗಿ ಇಡುವುದಕ್ಕಿಂತ ಬೇಳೆ ಮಾಡಿ ಇಟ್ಟರೆ ಕಾಳಿನ ದುಂಬಿಯ ಬಾಧೆ ಕಡಿಮೆ. ಒಣಗಿದ ಬೇವಿನೆಲೆಯನ್ನು ಇಡಬಹುದು. ಆದರೆ ಅದನ್ನೊಂದೇ ನಂಬಬಾರದು. ಹಸಿ ಎಲೆಯನ್ನು ಹಾಕಿದರೆ ತೇವ ಹೆಚ್ಚುತ್ತದೆ.

5. ಸ್ವಲ್ಪ ಪ್ರಮಾಣದ ರವೆ, ಹಿಟ್ಟು, ಬೇಳೆಗಳನ್ನು ಒಂದು ವಾರ ಫ್ರೀಜರಿನಲ್ಲಿಟ್ಟು ತೆಗೆದರೆ ಒಳಗಿನ ಮೊಟ್ಟೆ, ಮರಿಗಳು ಸಾಯುತ್ತವೆ.

6. ಉಗ್ರಾಣದಲ್ಲಿ ಹೊಸ ಧಾನ್ಯವನ್ನು ಹಳೆಯ ಧಾನ್ಯದೊಡನೆ ಬೆರೆಸಬೇಡಿರಿ. ಚೀಲಗಳನ್ನು ಮರದ ಹಲಗೆಗಳ ಮೇಲೆ, ಗೋಡೆಯಿಂದ ದೂರದಲ್ಲಿ ಅಟ್ಟಿ ಹಾಕಿರಿ. ಹಳೆಯ ಗೋಣಿಚೀಲಗಳನ್ನು ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಿ ಬಳಸಿರಿ. ಗೋಡೆಯ ಬಿರುಕುಗಳನ್ನು ಮುಚ್ಚಿರಿ. ಮೊದಲು ಬಂದದ್ದು ಮೊದಲು ಬಳಕೆಯಾಗಲಿ. ಹದಿನೈದು ದಿನಗಳಿಗೊಮ್ಮೆ ತೆರೆದು ಪರೀಕ್ಷಿಸುವ ರೂಢಿಯಿರಲಿ.

7. ದೊಡ್ಡ ದಾಸ್ತಾನಿಗೆ ವಿಷಾನಿಲ ಅನಿವಾರ್ಯವಾದಲ್ಲಿ ಪರವಾನಿಗೆಯುಳ್ಳ ಪರಿಣತರಿಂದಲೇ, ಜನವಸತಿಯಿಂದ ದೂರವಿರುವ ಗೋದಾಮಿನಲ್ಲಿ ಮಾಡಿಸಬೇಕು. ಅವರು ಗಾಳಿಯನ್ನು ಪರೀಕ್ಷಿಸಿ ಒಪ್ಪಿಗೆ ಕೊಡುವವರೆಗೆ ಯಾರೂ ಒಳಗೆ ಹೋಗಬಾರದು.

ಫಾಸ್ಫೈಡ್ ಮಾತ್ರೆ ಈಗಾಗಲೇ ಮನೆಯಲ್ಲಿದ್ದರೆ ಅದರ ಮೇಲೆ ನೀರು ಹಾಕಬೇಡಿರಿ. ನೀರು ತಾಗಿದರೆ ಅನಿಲ ರಭಸದಿಂದ ಹೊಮ್ಮುತ್ತದೆ, ಬೆಂಕಿಯೂ ಹೊತ್ತಿಕೊಳ್ಳಬಹುದು. ಬಚ್ಚಲಿಗೋ ತಿಪ್ಪೆಗೋ ಎಸೆಯದೆ, ಕೃಷಿ ಇಲಾಖೆಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ಅವರು ಹೇಳಿದಂತೆ ವಿಲೇವಾರಿ ಮಾಡಬೇಕು. ಧಾನ್ಯದ ಕೋಣೆಯಲ್ಲಿದ್ದವರಿಗೆ ತಲೆನೋವು, ವಾಂತಿ, ಎದೆಬಿಗಿತ, ಉಸಿರುಕಟ್ಟುವಿಕೆ ಕಂಡುಬಂದರೆ ಎಲ್ಲರನ್ನೂ ತಕ್ಷಣ ಬಯಲಿಗೆ ಕರೆತಂದು, ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಧಾನ್ಯಕ್ಕೆ ಮಾತ್ರೆ ಹಾಕಿದ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಸಸ್ಯಮೂಲ ನ್ಯಾನೋಕಣಗಳು ಮುಂದಿನ ದಿನಗಳಲ್ಲಿ ವಿಷಾನಿಲಗಳ ಸ್ಥಾನವನ್ನು ಒಂದಿಷ್ಟಾದರೂ ತುಂಬಬಲ್ಲವು. ಅವುಗಳಲ್ಲಿಯೂ ಬೆಳ್ಳಿಯ ಕಣಗಳಿಗಿಂತ, ಆಹಾರಕ್ಕೆ ಸಮೀಪವಾದ ಸಿಲಿಕಾ ಮತ್ತು ಅಡುಗೆಮನೆಗೆ ಪರಿಚಿತವಾದ ಸಸ್ಯಗಳ ತೈಲವನ್ನೊಳಗೊಂಡ ಕಣಗಳ ಮೇಲೆ ಹೆಚ್ಚು ಭರವಸೆಯಿಡಬಹುದು. ಆದರೆ ರಾಸಾಯನಿಕ ವಿಷಕ್ಕೆ ನಾವು ಕೇಳುವ ಪ್ರಶ್ನೆಯನ್ನೇ ಗಿಡದಿಂದ ಬಂದ ಮದ್ದಿಗೂ ಕೇಳಬೇಕು: ಕೀಟ ಸತ್ತ ಮೇಲೆ ಇದು ಎಲ್ಲಿ ಉಳಿಯುತ್ತದೆ? ಆ ಉತ್ತರವು ಪೂರ್ಣವಾಗಿ ದೊರೆಯುವವರೆಗೆ ಚೆನ್ನಾಗಿ ಒಣಗಿದ ಕಾಳು, ಬಿಗಿಯಾಗಿ ಮುಚ್ಚಿದ ಡಬ್ಬಿ ಮತ್ತು ಆಗಾಗ ತೆರೆದು ನೋಡುವ ಕಣ್ಣು, ಈ ಮೂರೇ ನಮ್ಮ ಉಗ್ರಾಣದ ಕಾವಲಾಗಿರಲಿ. ಮಲಗುವ ಕೋಣೆಯಿಂದ ಆ ಮಾತ್ರೆಯಂತೂ ಇಂದೇ ದೂರವಾಗಲಿ.